ರೇಸ್ ಕುದುರೆ, ಅದರ ಮೊದಲ ಓಟ: ಕಾರವಾರ–ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಕುಮಟಾ, ಶಿರಸಿ ಕಡೆಯಲ್ಲಿದ್ದುಕೊಂಡು ಬೆಂಗಳೂರು–ಮೈಸೂರಿನ ಲಾಯಗಳಲ್ಲಿ ಕುದುರೆ ಇಡಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ದರ, ದಿನಾಂಕ, ಅರ್ಜಿ ನಮೂನೆಗಳು ಸೀಸನ್ನಿನಿಂದ ಸೀಸನ್ನಿಗೆ ಬದಲಾಗುತ್ತವೆ. ಅವನ್ನು ಆಯಾ ರೇಸ್ ಕ್ಲಬ್ಬಿನ (ರೇಸು ನಡೆಸುವ ಸಂಸ್ಥೆಯ) ಕಚೇರಿಯಲ್ಲೇ ವಿಚಾರಿಸಿ.

## ಹೊರಡುವ ಮೊದಲು

ನಮ್ಮ ಜಿಲ್ಲೆಯಲ್ಲಿ ರೇಸ್ ಕೋರ್ಸೇ ಇಲ್ಲ. ಇಲ್ಲಿದ್ದುಕೊಂಡು ಕುದುರೆ ಇಟ್ಕೊಳ್ಲಿಕ್ಕೆ ಆಗ್ತದಾ?

ಆಗುತ್ತದೆ. ಮಾಲೀಕ ಎಲ್ಲಿದ್ದಾನೆ ಎಂಬುದು ಮುಖ್ಯವಲ್ಲ, ಕುದುರೆ ಎಲ್ಲಿದೆ ಎಂಬುದು ಮುಖ್ಯ. ಅದು ಕ್ಲಬ್ಬಿನ ಪರವಾನಗಿ ಇರುವ ಟ್ರೈನರ್ ಕೈಯಲ್ಲಿ, ಕ್ಲಬ್ಬು ಒಪ್ಪಿದ ಲಾಯದಲ್ಲಿ ಇರಬೇಕು. ನಮಗೆ ಹತ್ತಿರದವು ಬೆಂಗಳೂರು ಮತ್ತು ಮೈಸೂರು. ಮುಂಬಯಿಯ ಮಹಾಲಕ್ಷ್ಮಿ ಮತ್ತು ಪುಣೆ ಆಮೇಲಿನ ಮಾತು. ಮಾಲೀಕರಾಗಲು ಕ್ಲಬ್ಬಿಗೆ ಅರ್ಜಿ ಹಾಕಬೇಕು: ಪ್ಯಾನ್, ವಿಳಾಸದ ದಾಖಲೆ, ಆದಾಯ ತೆರಿಗೆ ವಿವರ, ಬ್ಯಾಂಕ್ ವಿವರ, ನಿಮ್ಮನ್ನು ಬಲ್ಲವರ ಹೆಸರು. ಕ್ಲಬ್ಬಿನ ಸ್ಟುವರ್ಡ್ಸ್ ಮಂಡಳಿ (ನಿಯಮ ನೋಡಿಕೊಳ್ಳುವ ಮೇಲ್ವಿಚಾರಕರು) ಒಪ್ಪಿದ ಮೇಲೆಯೇ ನಿಮ್ಮ ಹೆಸರಿನಲ್ಲಿ ಕುದುರೆ ಓಡುತ್ತದೆ. ಇದಕ್ಕೆ ವಾರಗಳು ಹಿಡಿಯುವುದರಿಂದ ಕುದುರೆ ಕೊಂಡ ಮೇಲೆ ಅರ್ಜಿ ಹಾಕುವುದಲ್ಲ, ಮೊದಲೇ ಹಾಕಿ.

ಇದು ಜೂಜಲ್ವಾ? ಮನೆಯಲ್ಲಿ ಹಿರಿಯರು ಒಪ್ಪೂದಿಲ್ಲ.

ಕುದುರೆ ಇಡುವುದು ಬೇರೆ, ಬಾಜಿ ಕಟ್ಟುವುದು ಬೇರೆ. ಒಂದು ರೂಪಾಯಿ ಬಾಜಿ ಕಟ್ಟದೆ ವರ್ಷಗಟ್ಟಲೆ ಕುದುರೆ ಓಡಿಸುವವರಿದ್ದಾರೆ. ಕಾನೂನಿನ ಮಾತು ಹೇಳುವುದಾದರೆ, ಕುದುರೆ ರೇಸು ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಕರ್ನಾಟಕದಲ್ಲಿ ರೇಸ್ ಕೋರ್ಸುಗಳಿಗೆ ಲೈಸೆನ್ಸ್ ಕೊಡುವುದು 1952ರ ಕಾಯ್ದೆಯಡಿ. ಹಿರಿಯರ ಒಪ್ಪಿಗೆಗೆ ತೀರ್ಪು ಸಾಲದು ಎಂಬುದು ನಮಗೂ ಗೊತ್ತು. ಅವರಿಗೆ ಖರ್ಚಿನ ಲೆಕ್ಕವನ್ನು ಬರೆದು ತೋರಿಸಿ. ಅವರ ನಿಜವಾದ ಭಯ ಅಲ್ಲಿರುತ್ತದೆ, ಆ ಭಯ ತಪ್ಪೂ ಅಲ್ಲ.

ಕುದುರೆ ತಂದು ನಮ್ಮ ತೋಟದ ಹತ್ರವೇ ಕಟ್ಟಬಹುದಾ? ಬೀಚಿನ ಮರಳಲ್ಲಿ ಓಡಿಸಿದ್ರೆ ಕಾಲು ಗಟ್ಟಿಯಾಗ್ತದಂತಲ್ಲ?

ರೇಸಿಗೆ ಓಡುವ ಕುದುರೆಯನ್ನು ಮನೆಯಲ್ಲಿ ಕಟ್ಟಿ ತಯಾರು ಮಾಡಲು ನಿಯಮವೇ ಬಿಡುವುದಿಲ್ಲ. ಬಿಟ್ಟಿದ್ದರೂ ನಮ್ಮ ಹವೆ ಬಿಡುತ್ತಿರಲಿಲ್ಲ. ಕುದುರೆ ಮೈ ತಣಿಸಿಕೊಳ್ಳುವುದು ಬೆವರಿನಿಂದ. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ; ತಿಂಗಳುಗಟ್ಟಲೆ ಹೀಗಾದರೆ ಕೆಲವು ಥರೋಬ್ರೆಡ್ (ರೇಸಿನ ತಳಿಯ) ಕುದುರೆಗಳಿಗೆ ಬೆವರು ಬರುವುದೇ ನಿಂತುಹೋಗುತ್ತದೆ. ಆಮೇಲೆ ಸ್ವಲ್ಪ ಓಡಿದರೂ ಏದುಸಿರು, ಜ್ವರದಂಥ ಕಾವು, ಉದುರುವ ಕೂದಲು. ಇದಕ್ಕೆ ಖಚಿತವಾದ ಮದ್ದೆಂದರೆ ತಂಪು ಊರಿಗೆ ಸಾಗಿಸುವುದೊಂದೇ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಸೆಕೆ ಕಡಿಮೆ, ಆದರೆ ನಾಲ್ಕು ತಿಂಗಳ ಮಳೆಯಲ್ಲಿ ಗೊರಸಿನ ಅಡಿ ಕೊಳೆಯುತ್ತದೆ, ಕಚ್ಚುವ ನೊಣದಿಂದ ರಕ್ತದ ಸರ್ರಾ ರೋಗ ಬರುತ್ತದೆ. ಬೀಚಿನ ವಿಷಯ: ನೀರಂಚಿನ ಗಟ್ಟಿ ಮರಳಿನಿಂದ ಒಣಮರಳಿಗೆ ಒಮ್ಮೆಲೇ ಕಾಲಿಟ್ಟಾಗ ಸ್ನಾಯುರಜ್ಜು ಹರಿಯುವ ಅಪಾಯವೇ ಹೆಚ್ಚು. ಕಾಲು ಗಟ್ಟಿಯಾಗುವುದು ಒಂದೇ ಹದದ ನೆಲದಲ್ಲಿ, ವಾರವಾರವೂ ಸ್ವಲ್ಪ ಸ್ವಲ್ಪ ಏರಿಸಿದ ಕೆಲಸದಿಂದ.

ಒಟ್ಟೂ ಎಷ್ಟು ದುಡ್ಡು ಬೇಕಾಗ್ತದೆ?

ಕೊಳ್ಳುವ ಬೆಲೆಯನ್ನೇ ಎಲ್ಲರೂ ಕೇಳುತ್ತಾರೆ. ಮುಳುಗಿಸುವುದು ತಿಂಗಳ ಬಿಲ್ಲು. ಲೆಕ್ಕ ತೋರಿಸಲು ಮಾತ್ರ ತಿಂಗಳಿಗೆ 50,000 ರೂಪಾಯಿ ಹಿಡಿಯೋಣ. ಫೆಬ್ರವರಿಯಲ್ಲಿ ಎರಡು ವರ್ಷದ ಕುದುರೆ ಕೊಂಡರೆ ಮೊದಲ ಓಟಕ್ಕೆ ಸುಮಾರು ಒಂದು ವರ್ಷ. ಅಂದರೆ ಕುದುರೆ ಓಟ ಶುರುವಾಗುವ ಗೇಟಿನೊಳಗೆ ನಿಲ್ಲುವ ಹೊತ್ತಿಗೆ ಬೆಲೆಯಲ್ಲದೆ 6 ಲಕ್ಷ ಹೋಗಿರುತ್ತದೆ, ಒಳಗೆ ಒಂದು ಪೈಸೆ ಬಂದಿರುವುದಿಲ್ಲ.

ಬಿಲ್ಲಿನಲ್ಲಿ ಇರುವವು: ಟ್ರೈನರ್ ಶುಲ್ಕ, ಮೇವು, ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಮತ್ತು ರೈಡಿಂಗ್ ಬಾಯ್ (ಬೆಳಗಿನ ತಾಲೀಮಿನ ಸವಾರ) ಸಂಬಳ, ಲಾಯದ ಬಾಡಿಗೆ, ಲಾಳ, ಔಷಧಿ, ವೈದ್ಯರು. ಬಿಲ್ಲಿಗೆ ಸೇರದೆ ಆಮೇಲೆ ಬರುವವು: ಸಾಗಾಟ, ಓಟದ ಪ್ರವೇಶ ಶುಲ್ಕ, ಎಕ್ಸ್‌ರೇ, ಹಲ್ಲು ಉಜ್ಜಿಸುವುದು, ವಿಮೆ, ಗೆದ್ದ ದಿನದ ಬಕ್ಷೀಸು. ಯಾವುದು ಒಳಗೆ, ಯಾವುದು ಹೊರಗೆ ಎಂದು ಟ್ರೈನರ್ ಹತ್ತಿರ ಮೊದಲೇ ಬರೆಸಿಕೊಳ್ಳಿ. 2020ರಲ್ಲಿ ಕೊರೊನಾದಿಂದ ಓಟ ನಿಂತಿತು. ಕುದುರೆಗಳ ಮೇವು, ಸಂಬಳ, ಲಾಳ ಯಾವುದೂ ನಿಲ್ಲಲಿಲ್ಲ. ಆದ್ದರಿಂದ ಆರು ತಿಂಗಳ ಖರ್ಚು ಬೇರೆ ಇಟ್ಟುಕೊಳ್ಳದವರು ಇದಕ್ಕೆ ಕೈ ಹಾಕಬಾರದು. ಅಡಿಕೆಗೆ ಒಳ್ಳೆ ದರ ಬಂದ ವರ್ಷದ ಉತ್ಸಾಹದಲ್ಲಿ ಇಡೀ ಕುದುರೆ ಕೊಂಡು, ದರ ಬಿದ್ದ ವರ್ಷ ಕಾಲು ಬೆಲೆಗೆ ಬಿಡುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು.

ಹಾಗಾದ್ರೆ ನಾವು ಐದು ಜನ ಸೇರಿ ಒಂದು ತಕೊಂಡ್ರೆ ಅಡ್ಡಿಲ್ವಾ?

ಅಡ್ಡಿಯಿಲ್ಲ, ಮೊದಲ ಕುದುರೆಗೆ ಅದೇ ಸರಿ. ಮೇಲಿನ ಲೆಕ್ಕದಲ್ಲಿ ಒಬ್ಬರ ಪಾಲು ವರ್ಷಕ್ಕೆ 1.2 ಲಕ್ಷಕ್ಕೆ ಇಳಿಯುತ್ತದೆ. ಆದರೆ ಪಾಲುದಾರಿಕೆಯನ್ನು ಕ್ಲಬ್ಬಿನಲ್ಲಿ ನೋಂದಾಯಿಸಬೇಕು. ನಾಲ್ಕು ಜನ ದುಡ್ಡು ಕೊಟ್ಟು ಒಬ್ಬರ ಹೆಸರಿನಲ್ಲಿ ಓಡಿಸುವುದು ನಿಯಮಕ್ಕೆ ವಿರುದ್ಧ, ಜಗಳಕ್ಕೂ ದಾರಿ. ಕಾಗದದಲ್ಲಿ ಇರಲೇಬೇಕಾದವು: ಟ್ರೈನರ್ ಜೊತೆ ಮಾತಾಡುವ ಒಬ್ಬರೇ ಒಬ್ಬರು ಯಾರು, ಪಾಲಿನ ಹಣ ಯಾವ ತಾರೀಖಿಗೆ, ಎರಡು ತಿಂಗಳು ಬಾಕಿಯಾದರೆ ಪಾಲು ಏನಾಗುತ್ತದೆ, ಶಸ್ತ್ರಚಿಕಿತ್ಸೆಗೆ, ಮಾರಾಟಕ್ಕೆ ಎಷ್ಟು ಜನರ ಒಪ್ಪಿಗೆ ಬೇಕು. ಟ್ರೈನರ್‌ಗೆ ಐದೂ ಜನ ಬೇರೆ ಬೇರೆ ಫೋನ್ ಮಾಡುವ ಕುದುರೆಯ ಸುದ್ದಿ ಯಾರಿಗೂ ಸರಿಯಾಗಿ ಸಿಗುವುದಿಲ್ಲ.

## ಕೊಳ್ಳುವಾಗ

ಮೊದಲು ಕುದುರೆ ಹುಡುಕಬೇಕೋ ಟ್ರೈನರನ್ನೋ?

ಟ್ರೈನರನ್ನು. ಬೆಳಗಿನ ಟ್ರ್ಯಾಕ್ ವರ್ಕ್ (ಓಟದ ತಾಲೀಮು) ಹೊತ್ತಿಗೆ ಅನುಮತಿ ಪಡೆದು ಹೋಗಿ, ಲಾಯ ನೋಡಿ. ಹಾಸು ಒಣಗಿದೆಯೇ, ಗೋದಲಿಯಲ್ಲಿ ಹಳಸಿದ ಮೇವು ಉಳಿದಿದೆಯೇ, ಸೈಸ್ ಹತ್ತಿರ ಬಂದಾಗ ಕುದುರೆ ಕಿವಿ ಹಿಂದಕ್ಕೆ ಒತ್ತುತ್ತದೆಯೇ ಅಥವಾ ಮುಖ ಚಾಚುತ್ತದೆಯೇ? ಒಬ್ಬ ಸೈಸ್ ಎಷ್ಟು ಕುದುರೆ ನೋಡುತ್ತಾನೆ ಎಂದು ಕೇಳಿ. ಎಂಬತ್ತು ಕುದುರೆಯ ದೊಡ್ಡ ಲಾಯದಲ್ಲಿ ನಿಮ್ಮ ಸಾಧಾರಣ ಕುದುರೆ ಎಷ್ಟನೆಯದಾಗುತ್ತದೆ ಎಂಬುದನ್ನೂ ಯೋಚಿಸಿ.

ಕುದುರೆ ನೋಡ್ಲಿಕ್ಕೆ ಹೋದಾಗ ನಾವು ಏನು ನೋಡೂದು? ನಮಗೆ ಎಮ್ಮೆ–ದನ ಬಿಟ್ರೆ ಏನೂ ಗೊತ್ತಿಲ್ಲ.

ದನದ ಕಾಲು ನೋಡಿ ಅಭ್ಯಾಸವಿದ್ದರೆ ಅರ್ಧ ಕೆಲಸ ಆದ ಹಾಗೆ. ಸಮನೆಲದಲ್ಲಿ ನಿಲ್ಲಿಸಿ ಮುಂದಿನಿಂದ ನೋಡಿ: ಮುಂಗಾಲಿನ ಮಂಡಿ, ಅದರ ಕೆಳಗಿನ ಎಲುಬು, ಗೊರಸು ಒಂದೇ ಸಾಲಿನಲ್ಲಿರಬೇಕು. ಪಕ್ಕದಿಂದ ನೋಡಿದಾಗ ಮಂಡಿ ಹಿಂದಕ್ಕೆ ಬಾಗಿದ್ದರೆ ಬಿಡಿ. ಓಟದ ಭಾರ ಬಿದ್ದಾಗ ಅದು ಮುರಿಯುವ ಜಾಗ. ನಡೆಸಿದಾಗ ಹಿಂಗಾಲಿನ ಗೊರಸು ಮುಂಗಾಲಿನ ಗುರುತನ್ನು ದಾಟಿ ಬಿದ್ದರೆ ಒಳ್ಳೆಯದು. ಎರಡೂ ಮುಂಗಾಲಿನ ಹಿಂಭಾಗಕ್ಕೆ ಬೆರಳಾಡಿಸಿ, ಬಿಸಿ ಅಥವಾ ಗಂಟು ಒಂದೇ ಕಾಲಿನಲ್ಲಿದ್ದರೆ ಅನುಮಾನಿಸಿ.

ಉಳಿದದ್ದು ವೈದ್ಯರ ಕೆಲಸ: ಕೀಲುಗಳ ಎಕ್ಸ್‌ರೇ, ಎದೆಬಡಿತ, ಮೂಗಿನಿಂದ ಗಂಟಲಿಗೆ ಇಳಿಸುವ ಎಂಡೋಸ್ಕೋಪಿ. ಕುದುರೆ ಬಾಯಿಂದ ಉಸಿರಾಡುವುದಿಲ್ಲ. ಗಂಟಲಿನ ಒಂದು ಪಕ್ಕ ನಿತ್ರಾಣವಾಗಿದ್ದರೆ ಓಡುವಾಗ ಗೊರಗೊರ ಸದ್ದು ಮಾಡುತ್ತಾ ಕೊನೆಯ 300 ಮೀಟರಿನಲ್ಲಿ ಕೈಬಿಡುತ್ತದೆ. ಮಾರುವವರ ವೈದ್ಯರ ವರದಿ ಇದ್ದರೂ ನಿಮ್ಮದೇ ವೈದ್ಯರಿಂದ ನೋಡಿಸಿ. ಪಾಸ್‌ಪೋರ್ಟಿನಲ್ಲಿರುವ ಮೈಗುರುತು, ಮೈಕ್ರೋಚಿಪ್ ಸಂಖ್ಯೆ ಎದುರಿಗಿರುವ ಕುದುರೆಗೆ ತಾಳೆಯಾಗಬೇಕು. ಭಾರತದ ಥರೋಬ್ರೆಡ್‌ಗಳ ವಂಶದ ದಾಖಲೆ ಪುಣೆಯ ಸ್ಟಡ್ ಬುಕ್ ಪ್ರಾಧಿಕಾರದಲ್ಲಿದೆ.

ಏಪ್ರಿಲಿನಲ್ಲಿ ಹುಟ್ಟಿದ ಮರಿಗೆ ಜನವರಿಯಲ್ಲೇ ವರ್ಷ ತುಂಬೂದು ಹೇಗೆ?

ರೇಸಿನ ಲೆಕ್ಕದಲ್ಲಿ ಎಲ್ಲ ಕುದುರೆಗಳಿಗೂ ಜನವರಿ 1ಕ್ಕೆ ಒಂದು ವರ್ಷ ಏರುತ್ತದೆ. 2023ರ ಏಪ್ರಿಲಿನಲ್ಲಿ ಹುಟ್ಟಿದ್ದು 2025ರ ಜನವರಿ 1ಕ್ಕೆ 'ಎರಡು ವರ್ಷದ್ದು'. ನಿಜಕ್ಕೆ ಒಂದು ವರ್ಷ ಒಂಬತ್ತು ತಿಂಗಳೂ ತುಂಬಿರುವುದಿಲ್ಲ. ಅದೇ ವರ್ಷ ಜನವರಿಯಲ್ಲಿ ಹುಟ್ಟಿದ್ದು ಅದಕ್ಕಿಂತ ಮೂರು ತಿಂಗಳು ಬಲಿತಿರುತ್ತದೆ. ತಡವಾಗಿ ಹುಟ್ಟಿದ್ದನ್ನು ಕೊಂಡರೆ ಮೊದಲ ಓಟಕ್ಕೆ ಅಷ್ಟು ಕಾಯುವ ತಾಳ್ಮೆಯನ್ನೂ ಸೇರಿಸಿ ಕೊಳ್ಳಿ.

ಗಂಡೋ ಹೆಣ್ಣೋ?

ಕಡಿಮೆ ಹಣದಲ್ಲಿ ಹೆಣ್ಣು. ಓಟದಲ್ಲಿ ಸಾಧಾರಣವಾದರೂ ವಂಶ ಚೆನ್ನಾಗಿದ್ದರೆ ಸ್ಟಡ್ ಫಾರ್ಮಿನವರು (ಮರಿ ಹಾಕಿಸುವವರು) ಕೇಳುತ್ತಾರೆ. ಗಂಡಿಗೆ ಆ ಭಾಗ್ಯ ಬಹಳ ಕೆಲವಕ್ಕೆ ಮಾತ್ರ.

ಹೆಸರು ನಮ್ಮೂರಿನದೇ ಇಡಬಹುದಾ?

ಇಡಬಹುದು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಜಾಗವೂ ಸೇರಿ 18 ಅಕ್ಷರ ಮೀರಬಾರದು, ಈಗಾಗಲೇ ಬೇರೆ ಕುದುರೆಗೆ ಇರಬಾರದು, ವ್ಯಾಪಾರದ ಜಾಹೀರಾತಾಗಬಾರದು. ಅಘನಾಶಿನಿ, ಗಂಗಾವಳಿ, ಶರಾವತಿ ಎಲ್ಲವೂ ಅಳತೆಗೆ ಹಿಡಿಸುತ್ತವೆ. ಮೂರು ನಾಲ್ಕು ಹೆಸರು ಬರೆದು ಕೊಡಿ, ಮೊದಲನೆಯದು ಸಿಗುವುದು ಅಪರೂಪ. ದೇವರ ಹೆಸರು ಬೇಡ ಎಂಬುದು ನಮ್ಮ ಸಲಹೆ: ಕುದುರೆ ಸೋತ ದಿನ ಸ್ಟ್ಯಾಂಡಿನಲ್ಲಿ ಅದಕ್ಕೆ ಬೀಳುವ ಬೈಗುಳ ಕೇಳಲಾಗದು.

## ತಯಾರಿಯ ತಿಂಗಳುಗಳು

ತಕೊಂಡು ಎಂಟು ತಿಂಗಳಾಯ್ತು, ಇನ್ನೂ ಓಡಿಸ್ಲಿಲ್ಲ. ಟ್ರೈನರ್ ಸುಮ್ನೆ ಬಿಲ್ಲು ಏರಿಸ್ತಿದಾರಾ?

ಬಹುತೇಕ ಇಲ್ಲ. ಜೀನು, ಕಡಿವಾಣ, ಸವಾರನ ಭಾರಕ್ಕೆ ಒಗ್ಗಿಸುವುದು ಮೊದಲ ಹಂತ. ಆಮೇಲೆ ವಾರಗಟ್ಟಲೆ ನಡಿಗೆ, ಟ್ರಾಟ್ (ಮೆಲು ಓಟ), ನಿಧಾನದ ಕ್ಯಾಂಟರ್ (ಅದಕ್ಕಿಂತ ಚುರುಕಾದ ಓಟ). ವೇಗದ ಕೆಲಸ ಶುರುವಾದಾಗ ಎಳೆಯ ಕುದುರೆಗಳಲ್ಲಿ ತೀರಾ ಸಾಮಾನ್ಯವಾಗಿ ಕಾಣುವುದು ಮುಂಗಾಲಿನ ಮಂಡಿಯ ಕೆಳಗಿನ ಎಲುಬಿನ ನೋವು. ಎಲುಬು ಓಟದ ಭಾರಕ್ಕೆ ತಕ್ಕಂತೆ ದಪ್ಪವಾಗುವ ಮೊದಲೇ ಭಾರ ಬಿದ್ದರೆ ಮೇಲ್ಮೈ ಊದುತ್ತದೆ, ಮುಟ್ಟಿದರೆ ಕಾಲು ಎಳೆದುಕೊಳ್ಳುತ್ತದೆ. ವಾರಗಳ ವಿಶ್ರಾಂತಿ ಕೊಟ್ಟು ಮತ್ತೆ ಕೆಳಗಿನಿಂದ ಕಟ್ಟಬೇಕು. ಇಲ್ಲಿ ಅವಸರ ಮಾಡಿದರೆ ಅದೇ ಜಾಗದಲ್ಲಿ ಎಲುಬು ಬಿರಿಯುತ್ತದೆ.

ಕೊನೆಯ ಹಂತ ಸ್ಟಾರ್ಟಿಂಗ್ ಗೇಟಿನದು. ಮೊದಲು ತೆರೆದ ಗೇಟಿನ ಮೂಲಕ ನಡೆಸುತ್ತಾರೆ, ಆಮೇಲೆ ಒಳಗೆ ನಿಲ್ಲಿಸಿ ಹಿಂದಿನ ಬಾಗಿಲು ಹಾಕುತ್ತಾರೆ, ಕಡೆಗೆ ಮುಂದಿನ ಬಾಗಿಲು ಸಿಡಿದಾಗ ಜಿಗಿಸುತ್ತಾರೆ. ಗೇಟಿನಲ್ಲಿ ಪಾಸಾಗದ ಕುದುರೆಯನ್ನು ಓಟಕ್ಕೆ ಬಿಡುವುದಿಲ್ಲ. ಮಾಕ್ ರೇಸ್ (ಅಭ್ಯಾಸದ ಓಟ) ಇದ್ದರೆ ರಜೆ ಹಾಕಿಯಾದರೂ ಹೋಗಿ ನೋಡಿ. ಟ್ರೈನರನ್ನು ಕೇಳಬೇಕಾದದ್ದು 'ಯಾವಾಗ ಓಡ್ತದೆ' ಎಂದಲ್ಲ. 'ಈ ವಾರ ಎಷ್ಟು ಮೀಟರ್, ಯಾವ ವೇಗ, ಮರುದಿನ ಕಾಲು ಹೇಗಿತ್ತು, ಮೇವು ಖಾಲಿ ಮಾಡ್ತಾ' ಎಂದು.

ಪೇಪರಿನಲ್ಲಿ '1000 ಮೀ. 1-09, 600/41' ಹೇಳಿ ಬರೀತಾರಲ್ಲ, ಎಂತ ಅದು?

ಬೆಳಗಿನ ಕೆಲಸದಲ್ಲಿ 1000 ಮೀಟರನ್ನು 1 ನಿಮಿಷ 9 ಸೆಕೆಂಡಿನಲ್ಲಿ ಮುಗಿಸಿದೆ, ಅದರಲ್ಲಿ ಕೊನೆಯ 600 ಮೀಟರಿಗೆ 41 ಸೆಕೆಂಡ್. 600ಕ್ಕೆ 45 ಆಸುಪಾಸು ಇದ್ದರೆ ಮೈ ಸಡಿಲಿಸಿದ್ದು, 40ರ ಹತ್ತಿರವಿದ್ದರೆ ಸವಾರ ಸ್ವಲ್ಪ ಜೋರು ಮಾಡಿಸಿದ್ದು. ಓಟದ ದಿನ ಹುಲ್ಲಿನ ಟ್ರ್ಯಾಕಿನಲ್ಲಿ ಅದೇ 600 ಇನ್ನೂ ಹಲವು ಸೆಕೆಂಡ್ ಬೇಗ ಮುಗಿಯುತ್ತದೆ. ಬೆಳಗಿನ ಸಮಯಗಳನ್ನು ಹೋಲಿಸುವಾಗ ಓಡಿದ್ದು ಒಳಗಿನ ಮರಳು ಟ್ರ್ಯಾಕೋ ಹೊರಗಿನದೋ, ಸವಾರ ಜಾಕಿಯೋ ರೈಡಿಂಗ್ ಬಾಯೋ ಎಂಬುದನ್ನು ನೋಡದಿದ್ದರೆ ಅಂಕಿ ಬರೇ ಅಂಕಿ. ಸಮಯಕ್ಕಿಂತ ಪಕ್ಕದಲ್ಲಿ ಓಡಿದ ಕುದುರೆ ಯಾವುದು, ಅದು ಈಗಾಗಲೇ ಗೆದ್ದಿದ್ದೇ ಎಂಬುದು ಹೆಚ್ಚು ಹೇಳುತ್ತದೆ.

ಏನು ತಿನ್ನಿಸ್ತಾರೆ? ಊರಿಂದ ಬೆಲ್ಲ, ಹುರುಳಿ ಏನಾದ್ರೂ ತಕೊಂಡು ಹೋಗಬಹುದಾ?

450–500 ಕಿಲೋ ತೂಗುವ ಕುದುರೆಗೆ ದಿನಕ್ಕೆ ಒಟ್ಟು 10–12 ಕಿಲೋ ಒಣ ಆಹಾರ: ಓಟ್ಸ್ ಮತ್ತಿತರ ಧಾನ್ಯ, ಒಣಹುಲ್ಲು, ಕುದುರೆ ಮಸಾಲೆ (ಲೂಸರ್ನ್) ಸೊಪ್ಪು, ಉಪ್ಪು. ನೀರು 30–40 ಲೀಟರ್, ಸೆಕೆಯಲ್ಲಿ ಇನ್ನೂ ಹೆಚ್ಚು. ಹೊಟ್ಟೆ ಮೈಗೆ ಹೋಲಿಸಿದರೆ ಸಣ್ಣದು, ವಾಂತಿ ಮಾಡಲೂ ಬರುವುದಿಲ್ಲ. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡುತ್ತಾರೆ, ಮೇವು ಬದಲಿಸುವುದಿದ್ದರೆ ವಾರ ಹತ್ತು ದಿನದಲ್ಲಿ ನಿಧಾನವಾಗಿ ಬದಲಿಸುತ್ತಾರೆ. ಒಮ್ಮೆಲೇ ಬದಲಿಸಿದರೆ ಹೊಟ್ಟೆಶೂಲೆ, ಅದು ಜೀವಕ್ಕೇ ಬರಬಹುದು.

ಊರಿನ ಉಡುಗೊರೆ ಏನೂ ಬೇಡ. ಶಿರಸಿ ಕಡೆಯವರಿಗೆ ಇದನ್ನು ಒತ್ತಿ ಹೇಳಬೇಕು, ಏಕೆಂದರೆ ನಮ್ಮ ತೋಟದ ಎರಡು ಬೆಳೆಗಳೂ ಇಲ್ಲಿ ಅಪಾಯ. ಕೋಕೋದಲ್ಲಿ ಥಿಯೋಬ್ರೊಮಿನ್ ಇದೆ; ಮೇವಿಗೆ ಬೆರೆತ ಕೋಕೋ ಸಿಪ್ಪೆಯಿಂದಲೇ ಕುದುರೆಗಳು ನಿಷಿದ್ಧ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಪ್ರಕರಣಗಳು ಜಗತ್ತಿನಲ್ಲಿ ಹಲವು. ಅಡಿಕೆಯ ಅರೆಕೋಲಿನ್ ಅನ್ನು ಹಿಂದೆ ಪಶುವೈದ್ಯರು ಕುದುರೆಯ ಹೊಟ್ಟೆ ಕಟ್ಟಿದಾಗ ಔಷಧಿಯಾಗಿಯೇ ಬಳಸುತ್ತಿದ್ದರು. ಚಹಾ, ಕಾಫಿ, ಚಾಕಲೇಟು, ಕಷಾಯ, ನೋವಿನ ಮುಲಾಮು ಹಚ್ಚಿದ ಕೈ ಯಾವುದೂ ಕುದುರೆಯ ಬಾಯಿಗೆ ತಾಗಬಾರದು. ಕವಳ (ಎಲೆಯಡಿಕೆ) ಹಾಕಿದ ಕೈ ತೊಳೆದೇ ಮುಟ್ಟಿ. ಗೆದ್ದ ಕುದುರೆಯ ಮೂತ್ರ ಅಥವಾ ರಕ್ತದ ಪರೀಕ್ಷೆಯಲ್ಲಿ ಏನಾದರೂ ಸಿಕ್ಕಿದರೆ ಬಹುಮಾನ ಹೋಗುತ್ತದೆ, ಟ್ರೈನರ್ ಪರವಾನಗಿಯೂ ಹೋಗಬಹುದು. ಕೊಡಲೇಬೇಕೆನಿಸಿದರೆ ಸೈಸ್ ಹತ್ತಿರ ಕೇಳಿ ಒಂದು ಗಜ್ಜರಿ.

## ಓಟದ ದಿನ

ಶನಿವಾರ ಮಧ್ಯಾಹ್ನ ಓಟ ಅಂದ್ರೆ ಇಲ್ಲಿಂದ ಯಾವಾಗ ಹೊರಡೂದು?

ಕಾರವಾರ, ಅಂಕೋಲಾ, ಕುಮಟಾ, ಭಟ್ಕಳದವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಸಂಜೆ ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಮೆಜೆಸ್ಟಿಕ್‌ನಿಂದ ರೇಸ್ ಕೋರ್ಸ್ ಹತ್ತಿರವೇ. ಶಿರಸಿಯವರಿಗೆ ರಾತ್ರಿ ಬಸ್ಸು, ಇಲ್ಲವೇ ತಾಳಗುಪ್ಪದಿಂದ ರೈಲು. ಬೆಂಗಳೂರಿನ ಬೇಸಿಗೆ ಸೀಸನ್ನಿನ ದೊಡ್ಡ ಪಾಲು ನಮ್ಮ ಮಳೆಗಾಲದಲ್ಲೇ ಬೀಳುತ್ತದೆ, ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ದಿನ ಮೊದಲೇ ಹೊರಡಿ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ಹೆದ್ದಾರಿ ದಿನಗಟ್ಟಲೆ ಬಂದಾಗಿತ್ತು. ಸಕಲೇಶಪುರ ಘಟ್ಟದ ರೈಲುದಾರಿಯೂ ಮಳೆಗೆ ನಿಲ್ಲುತ್ತದೆ.

ಪ್ರಯಾಣದ ಟಿಕೆಟ್ ತೆಗೆಯುವುದು ಎಂಟ್ರಿ (ಓಟಕ್ಕೆ ಹೆಸರು ಕೊಟ್ಟದ್ದು) ನೋಡಿಯಲ್ಲ, ಅಂತಿಮ ಡಿಕ್ಲರೇಷನ್ (ಓಡಿಸುತ್ತೇವೆಂಬ ಖಚಿತ ಘೋಷಣೆ) ಆದ ಮೇಲೆ. ಎಂಟ್ರಿ ಕೊಟ್ಟ ಕುದುರೆಗಳಲ್ಲಿ ಹಲವು ಓಡುವುದೇ ಇಲ್ಲ. ಡಿಕ್ಲೇರ್ ಆದದ್ದೂ ಓಟದ ದಿನ ಬೆಳಿಗ್ಗೆ ಕಾಲು ಬಿಸಿಯಾಗಿದ್ದರೆ ಹಿಂದೆ ಸರಿಯಬಹುದು. ಹಾಗೆ ಹಿಂದೆ ತೆಗೆಯುವ ಟ್ರೈನರ್ ಒಳ್ಳೆಯ ಟ್ರೈನರ್.

ಪ್ಯಾಡಕ್ಕಿನಲ್ಲಿ (ಓಟದ ಮೊದಲು ಕುದುರೆ ನಡೆಸುವ ಜಾಗದಲ್ಲಿ) ಜಾಕಿಗೆ ನಾವೇನು ಹೇಳಬೇಕು?

ನಮಸ್ಕಾರ ಹೇಳಿ ಸಾಕು. ಹೇಗೆ ಓಡಿಸಬೇಕೆಂಬುದು ಟ್ರೈನರ್ ಹೇಳುವ ಮಾತು. ಆ ಹತ್ತು ನಿಮಿಷ ಕುದುರೆಯನ್ನು ನೋಡಿ: ಕುತ್ತಿಗೆಯ ಮೇಲೆ ತೆಳು ಬೆವರು ಇದ್ದರೆ ಪರವಾಗಿಲ್ಲ, ಹಿಂದೊಡೆಗಳ ನಡುವೆ ಬಿಳಿ ನೊರೆ ಸುರಿಯುತ್ತಿದ್ದರೆ ಅರ್ಧ ಶಕ್ತಿ ಅಲ್ಲೇ ಹೋಗಿದೆ. ಫೋನ್, ಉಡುಪು, ಮಕ್ಕಳ ಪ್ರವೇಶದ ನಿಯಮಗಳನ್ನು ಮೊದಲೇ ಕೇಳಿಕೊಂಡು ಹೋಗಿ, ಗೇಟಿನಲ್ಲಿ ವಾದ ಬೇಡ.

ಒಂದೇ ನಿಮಿಷಕ್ಕೆ ಮುಗೀತು, ಏನೂ ಕಾಣ್ಲಿಲ್ಲ. ಏನು ನೋಡಬೇಕಿತ್ತು?

ಮೊದಲ ಓಟ ಸಾಮಾನ್ಯವಾಗಿ 1100 ಅಥವಾ 1200 ಮೀಟರ್, ಒಂದೂಕಾಲು ನಿಮಿಷದ ಒಳಗಿನ ಆಟ. ಎಲ್ಲ ಕುದುರೆಗಳನ್ನೂ ನೋಡಲು ಹೋದರೆ ಏನೂ ಕಾಣದು. ನಿಮ್ಮ ಜಾಕಿಯ ಟೋಪಿಯ ಬಣ್ಣ ಗುರುತಿಟ್ಟುಕೊಂಡು ಅದೊಂದನ್ನೇ ಹಿಂಬಾಲಿಸಿ.

ಗೇಟು ತೆರೆದಾಗ ಮೊದಲ ನಾಲ್ಕು ಹೆಜ್ಜೆ: ನೇರ ಜಿಗಿಯಿತೋ, ತಲೆ ಮೇಲೆತ್ತಿ ನಿಂತಿತೋ? ಹೊಸ ಕುದುರೆಗಳು ಇಲ್ಲೇ ಎರಡು ಮೂರು ಉದ್ದ (ಕುದುರೆಯ ಮೈಯಳತೆ) ಕಳೆದುಕೊಳ್ಳುತ್ತವೆ. ನಡುವೆ, ಮುಂದಿನ ಕುದುರೆಗಳ ಕಾಲಿನಿಂದ ಹುಲ್ಲಿನ ಹೆಂಟೆ ಮುಖಕ್ಕೆ ಬಡಿದಾಗ ಹಿಂಜರಿಯಿತೋ, ತಲೆ ತಗ್ಗಿಸಿ ಹೋಯಿತೋ? ಬೆಳಗಿನ ಕೆಲಸದಲ್ಲಿ ಹತ್ತು ಹನ್ನೆರಡು ಕುದುರೆಗಳ ಹಿಂದೆ ಓಡಿದ ಅನುಭವ ಅದಕ್ಕಿರುವುದಿಲ್ಲ. ತಿರುವು ಮುಗಿಸಿ ನೇರಕ್ಕೆ ಬಂದಾಗ ಮುಂದಿಡುವ ಕಾಲು ಬದಲಾಯಿಸಿತೇ? ಬದಲಾಯಿಸದಿದ್ದರೆ ದಣಿದ ಕಾಲಿನಲ್ಲೇ ಓಡುತ್ತಿದೆ ಎಂದರ್ಥ. ಕೊನೆಯ 200ರಲ್ಲಿ ನೇರವಾಗಿ ಬಂತೋ, ಪಕ್ಕಕ್ಕೆ ಎಳೆಯಿತೋ? ಎಲ್ಲರೂ ಮರೆಯುವುದು ಗೆಲುವಿನ ಕಂಬ ದಾಟಿದ ಮೇಲಿನದು: ಉಳಿದವು ನಿಧಾನಿಸುವಾಗ ನಿಮ್ಮದು ಅವನ್ನು ದಾಟಿ ಹೋಗುತ್ತಿದ್ದರೆ ಇನ್ನೂ ದೂರದ ಓಟ ಅದಕ್ಕೆ ಒಗ್ಗುತ್ತದೆ. ಸಂಜೆ ಮರುಪ್ರಸಾರದಲ್ಲಿ ಇಷ್ಟನ್ನೂ ಮತ್ತೆ ನೋಡಿ.

ಹತ್ತು ಉದ್ದ ಹಿಂದೆ ಬಂತು. ಮಾರಿಬಿಡಲಾ?

ಒಂದು ಉದ್ದ ಸುಮಾರು 2.4 ಮೀಟರ್. ಕುದುರೆ ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಓಡುತ್ತದೆ. ಹತ್ತು ಉದ್ದವೆಂದರೆ ಒಂದೂವರೆ ಸೆಕೆಂಡ್; ಗೇಟಿನಲ್ಲಿ ತಡವಾಗಿ ಜಿಗಿದು, ತಿರುವಿನಲ್ಲಿ ಹೊರಗೆ ಹೋಗಿದ್ದರೆ ಅದರ ಬಹುಪಾಲು ಅಲ್ಲೇ ಹೋಗಿರುತ್ತದೆ. ಮೂರು ಓಟದವರೆಗೆ ಕಾಯಿರಿ, ಮಧ್ಯೆ ದೂರ ಬದಲಾಯಿಸಿ ನೋಡಿ, ಗಮನ ಚೆದುರುತ್ತಿದ್ದರೆ ಪಕ್ಕದ ನೋಟ ಮರೆಸುವ ಕಣ್ಣುಪಟ್ಟಿ ಹಾಕಿಸಿ. ಯಾವ ತೊಂದರೆಯೂ ಇಲ್ಲದೆ, ಚೆನ್ನಾಗಿ ಜಿಗಿದು, ಜಾಗ ಸಿಕ್ಕಿಯೂ ಪ್ರತಿ ಸಲ ಕೊನೆಯ 400ರಲ್ಲಿ ಹಿಂದೆ ಬೀಳುತ್ತಿದ್ದರೆ ವೈದ್ಯರಿಂದ ಗಂಟಲು, ಶ್ವಾಸಕೋಶ ನೋಡಿಸಿ. ಅಲ್ಲೂ ದೋಷವಿಲ್ಲದಿದ್ದರೆ ವೇಗವೇ ಇಲ್ಲ. ಆಗ ಬೇಗ ಬಿಡುವುದೇ ಜಾಣತನ.

## ಇನ್ನಷ್ಟು ಒಳಗಿನವು

ಗೆದ್ದ ಮೇಲೆ ರೇಟಿಂಗ್ ಏರಿಸಿದ್ರು. ಇದು ಶಿಕ್ಷೆಯಾ?

ಶಿಕ್ಷೆಯಲ್ಲ. ರೇಟಿಂಗ್ ಎಂದರೆ ಕುದುರೆಯ ಸಾಮರ್ಥ್ಯಕ್ಕೆ ಕೊಡುವ ಅಂಕ; ಅದರ ಮೇಲೆ ತೂಕ ಹೊರಿಸಿ ಎಲ್ಲ ಕುದುರೆಗಳನ್ನೂ ಸಮ ಮಾಡುವುದೇ ಹ್ಯಾಂಡಿಕ್ಯಾಪ್ ಪದ್ಧತಿಯ ಉದ್ದೇಶ. ರೇಟಿಂಗ್ ಏರಿದಷ್ಟೂ ಬೆನ್ನ ಮೇಲಿನ ತೂಕ ಏರುತ್ತದೆ, ಇಲ್ಲವೇ ಮೇಲಿನ ವರ್ಗಕ್ಕೆ ಹೋಗುತ್ತದೆ. ಹೊಸಬರು ಮಾಡುವ ತಪ್ಪು, ಒಂದು ಗೆಲುವಿನ ಹುರುಪಿನಲ್ಲಿ ಮುಂದಿನ ಓಟವನ್ನು ಎರಡು ವರ್ಗ ಮೇಲೆ ಹಾಕಿಸುವುದು.

ಓಡಿ ಬಂದಾಗ ಮೂಗಿನಲ್ಲಿ ರಕ್ತ ಬಂತು. ಹೆದರಬೇಕಾ?

ಜೋರು ಓಟದಲ್ಲಿ ಶ್ವಾಸಕೋಶದ ಸಣ್ಣ ರಕ್ತನಾಳಗಳು ಒಡೆಯುತ್ತವೆ. ಎಷ್ಟೋ ಕುದುರೆಗಳಲ್ಲಿ ಎಂಡೋಸ್ಕೋಪಿಗೆ ಮಾತ್ರ ಕಾಣುವಷ್ಟು ಇರುತ್ತದೆ. ಮೂಗಿನವರೆಗೆ ಬಂದರೆ ಗಂಭೀರ. ಕ್ಲಬ್ಬು ಕಡ್ಡಾಯ ವಿರಾಮ ಹಾಕುತ್ತದೆ, ಮರುಕಳಿಸಿದರೆ ಓಟದಿಂದಲೇ ಹೊರಗಿಡಬಹುದು. ಲಾಯದ ದೂಳು, ಬೂಷ್ಟು ಹಿಡಿದ ಹುಲ್ಲು ಇದನ್ನು ಹೆಚ್ಚಿಸುತ್ತವೆ. ಹುಲ್ಲನ್ನು ನೆನೆಸಿ ಕೊಡಿಸಿ. ರಕ್ತ ಬರದಿದ್ದರೂ ಓಟದ ಮರುದಿನ ಬೆಳಿಗ್ಗೆ ಟ್ರಾಟ್ ಮಾಡಿಸಿ ಕುಂಟುತ್ತದೆಯೇ ನೋಡುವುದು, ರಾತ್ರಿಯ ಮೇವು ಉಳಿಸಿತೇ ಕೇಳುವುದು ತಪ್ಪಬಾರದು.

ಕುದುರೆಯ ನಷ್ಟವನ್ನು ಅಂಗಡಿ ಲಾಭದಲ್ಲಿ ಕಳೀಬಹುದಾ?

ಬರುವುದಿಲ್ಲ. ರೇಸ್ ಕುದುರೆ ಇಡುವುದರಿಂದಾದ ನಷ್ಟವನ್ನು ಅದೇ ಬಾಬಿನ ಆದಾಯದಲ್ಲಿ ಮಾತ್ರ ಕಳೆಯಬಹುದು, ಮುಂದಕ್ಕೆ ನಾಲ್ಕು ವರ್ಷ ಒಯ್ಯಬಹುದು. ಸಮಯಕ್ಕೆ ರಿಟರ್ನ್ ಹಾಕದಿದ್ದರೆ ಅದೂ ಇಲ್ಲ. ಮಾಲೀಕನ ಬಹುಮಾನದ ಹಣವೂ ಬಾಜಿಯಲ್ಲಿ ಗೆದ್ದ ಹಣವೂ ತೆರಿಗೆಯ ಲೆಕ್ಕದಲ್ಲಿ ಬೇರೆ ಬೇರೆ. ಎರಡಕ್ಕೂ ಬೇರೆ ಪುಸ್ತಕ ಇಡಿ.

ಓಟ ಮುಗಿಸಿದ ಕುದುರೆಯನ್ನು ಕಡೆಗಾದ್ರೂ ಶಿರಸಿಗೆ ತರಬಹುದಾ?

ತರಬಹುದು, ಆದರೆ ಒಂಟಿಯಾಗಿ ಬೇಡ. ಕುದುರೆ ಗುಂಪಿನ ಪ್ರಾಣಿ. ನೀರು ನಿಲ್ಲದ ಎತ್ತರದ ಜಾಗ, 12 ಅಡಿ ಚೌಕದ ಕೋಣೆ, ಮಳೆಗಾಲದಲ್ಲೂ ಒಣಗಿರುವ ಹಾಸು, ಸೊಳ್ಳೆ–ನೊಣಕ್ಕೆ ಬಲೆ ಬೇಕು. ಲಾಳ ತೆಗೆಸಿದರೂ ಆರೇಳು ವಾರಕ್ಕೊಮ್ಮೆ ಗೊರಸು ಕತ್ತರಿಸುವವರನ್ನು ಕರೆಸಬೇಕು. ಬರೇ ಭತ್ತದ ಹುಲ್ಲಿನ ಮೇಲೆ ಸಾಕಲು ಆಗುವುದಿಲ್ಲ. ಅದರಲ್ಲಿ ಸತ್ವ ಕಡಿಮೆ, ಸುಣ್ಣದಂಶ ಮೈಗೆ ಹತ್ತಲು ಅದರ ಆಕ್ಸಲೇಟ್ ಬಿಡುವುದಿಲ್ಲ. ನಮ್ಮ ಪಶು ಆಸ್ಪತ್ರೆಗಳ ದಿನನಿತ್ಯದ ಅನುಭವ ದನ–ಎಮ್ಮೆಯದು, ಆದ್ದರಿಂದ ಹೊಟ್ಟೆಶೂಲೆ ಬಂದ ರಾತ್ರಿ ಫೋನಿನಲ್ಲಿ ಸಿಗುವ ಕುದುರೆ ವೈದ್ಯರೊಬ್ಬರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಓಟದ ಕುದುರೆಯ ಧಾನ್ಯವನ್ನು ಎರಡು ಮೂರು ವಾರದಲ್ಲಿ ಇಳಿಸಿ, ಹುಲ್ಲು ಏರಿಸಿ. ಸಾಗಾಟ ಮಳೆ ನಿಂತ ಮೇಲೆ, ನವೆಂಬರಿನಲ್ಲಿ, ಹಾವೇರಿ ದಾರಿಯಾಗಿ. ನಾಲ್ಕು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ನೀರು ಕೊಡಿಸಿ.